ತಂಗಿಯ ಪುಸ್ತಕದ ಜೆರಾಕ್ಸ್

ಮುಚ್ಚಳ ಎತ್ತಬೇಕು. ಪುಸ್ತಕವನ್ನು ಬೋರಲಾಗಿ ಗಾಜಿನ ಮೇಲಿಡಬೇಕು. ಬೆನ್ನು ಅಮುಕಿ ಹಿಡಿಯಬೇಕು. ಗುಂಡಿ ಒತ್ತಬೇಕು. ಬೆಳಕು ಕಣ್ಣಿಗೆ ಹೊಡೆಯುತ್ತದೆ, ಮುಖ ತಿರುಗಿಸಬೇಕು. ಮತ್ತೆ ಮುಚ್ಚಳ ಎತ್ತಬೇಕು.

ಇದು ನನ್ನ ಕೆಲಸ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಮಾಡುವ ಕೆಲಸ. ಅಂಗಡಿಯಲ್ಲಿ ಒಂದು ಕುರ್ಚಿ ಇದೆ. ಅದು ಯಜಮಾನರದು. ಅವರು ಇಲ್ಲದಾಗಲೂ ಅದು ಅವರದೇ. ಮೆಷಿನ್ ಬಿಸಿಯಾದಂತೆ ಹೊಟ್ಟೆಯ ಹತ್ತಿರ ಬಟ್ಟೆ ಬಿಸಿಯಾಗುತ್ತದೆ. ಸಂಜೆ ಮೂಗು ಒರೆಸಿದರೆ ಕಪ್ಪು ಪುಡಿ. ಮೊಣಕಾಲ ಹಿಂದೆ ನರಗಳು ಹಸಿರು ಹಗ್ಗದಂತೆ ಎದ್ದಿವೆ. ಹುಡುಗರು ಆ ಮೆಷಿನ್ನಿಗೆ ಎಮ್ಮೆ ಎಂದು ಹೆಸರಿಟ್ಟಿದ್ದಾರೆ. ನನ್ನನ್ನು ಜೆರಾಕ್ಸ್ ಅಕ್ಕ ಎನ್ನುತ್ತಾರೆ.

ಅಂಗಡಿ ಮುಗಿಸಿ ರಸ್ತೆ ದಾಟಿದರೆ ಅದೇ ಕಾಲೇಜಿನಲ್ಲಿ ನಾನು ಸಂಜೆ ತರಗತಿಯ ವಿದ್ಯಾರ್ಥಿ. ದೊಡ್ಡವಳಾದ ಮೇಲೆ ಮನೆಯಲ್ಲೇ ಓದಿ, ಪರೀಕ್ಷೆ ಕಟ್ಟಿ ಸೇರಿದವಳು. ಕೂರಲು ಬೆಂಚು ಸಿಗುತ್ತದೆ ಎನ್ನುವುದೇ ಅಲ್ಲಿನ ಮೊದಲ ಸುಖ. ನನ್ನ ಪಕ್ಕದಲ್ಲಿ ಆಸ್ಪತ್ರೆಯ ಆಯಾ ಕೂರುತ್ತಾಳೆ. ಹಿಂದಿನ ಬೆಂಚಿನಲ್ಲಿ ಒಂದು ದೊಡ್ಡ ಕಟ್ಟಡದ ಲಿಫ್ಟ್ ನಡೆಸುವವನು. ಅವನನ್ನು ಎಲ್ಲರೂ ಲಿಫ್ಟಣ್ಣ ಎನ್ನುತ್ತೇವೆ. "ದಿನಾ ಮೇಲೆ ಹೋಗ್ತೀನಿ, ಸಂಜೆಗೆ ನೋಡಿದ್ರೆ ಕೆಳಗೇ ಇರ್ತೀನಿ" ಎನ್ನುವುದು ಅವನ ಮಾತು. ನಾನು ನಗುತ್ತೇನೆ. ನಕ್ಕ ಮೇಲೆ, ಅವನಿಗೆ ನೋವಾಯಿತೇನೋ ಎಂದು ಯೋಚಿಸುತ್ತೇನೆ. ನನ್ನ ಸ್ವಭಾವವೇ ಹಾಗೆ. ಒಂದು ಮಾತು ಆಡಿದರೆ ಅದರ ಹಿಂದೆ ಇನ್ನಷ್ಟು ಮಾತುಗಳು ನನ್ನೊಳಗೇ ಜಗಳಕ್ಕೆ ನಿಲ್ಲುತ್ತವೆ.

ಆ ವರ್ಷ ನಮಗೆ ಪಠ್ಯವಾಗಿ ಬಂದದ್ದು ನನ್ನ ತಂಗಿಯ ಪುಸ್ತಕ.

ಅವಳು ನನ್ನ ತಂಗಿ ಎಂದು ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಹೇಳಿದ್ದರೆ ಆಯಾ ನನ್ನ ಬೆನ್ನು ತಟ್ಟುತ್ತಿದ್ದಳು. ಪಾಠ ಮಾಡುವ ಮೇಡಂ ನನ್ನನ್ನು ಎದ್ದು ನಿಲ್ಲಿಸಿ ಎಲ್ಲರಿಗೂ ತೋರಿಸುತ್ತಿದ್ದರು. ಲೇಖಕಿಯ ಅಕ್ಕ. ನನಗೆ ಆ ಬಿರುದು ಬೇಡವಾಗಿತ್ತು. ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕಿ ನೋಡಿದೆ. ಸಿಗಲಿಲ್ಲ.

ಪುಸ್ತಕದ ಹಿಂಬದಿಯಲ್ಲಿ ಅವಳ ಫೋಟೋ ಇದೆ. ಕನ್ನಡಕ ಹಾಕಿಕೊಂಡು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾಳೆ. ಗಲ್ಲಕ್ಕೆ ಕೈಕೊಟ್ಟು ಕೂರುವುದು ನಮ್ಮ ಮನೆಯಲ್ಲಿ ಕೆಲಸ ಸಿಗದ ದಿನ ಮಾಡುತ್ತಿದ್ದ ಕೆಲಸ. ಅವಳಿಗೆ ಅದನ್ನೇ ಮಾಡು, ಫೋಟೋ ತೆಗೆಯುತ್ತೇವೆ ಎಂದಿದ್ದಾರೆ. ಮುಂಬದಿಯಲ್ಲಿ ಅಮ್ಮನ ಕೈಗಳು. ಅಮ್ಮ ಒಂದು ಶಾಲೆಯಲ್ಲಿ ಕಕ್ಕಸು ತೊಳೆಯುವ ಕೆಲಸದಲ್ಲಿದ್ದಳು. ಈಗ ಕೈ ನಡುಗುತ್ತದೆ. ಆ ಕೈಗೆ ಎಣ್ಣೆ ಹಚ್ಚುವುದು ನಾನು. ಫೋಟೋ ತೆಗೆದ ದಿನ ಬೆಳಿಗ್ಗೆಯೂ ನಾನೇ ಹಚ್ಚಿದ್ದೆ. ಮಿಂಚುತ್ತಿರುವುದು ಅದೇ ಎಣ್ಣೆ.

ಅಮ್ಮ ನನ್ನ ಜೊತೆ ಇರುತ್ತಾಳೆ. ಅವಳ ಮಾತ್ರೆ, ಅವಳ ಸ್ನಾನ, ಅವಳ ಸಿಡುಕು ನನ್ನ ಪಾಲು. ಅವಳ ಕಥೆಗಳು ತಂಗಿಯ ಪಾಲು. ತಂಗಿ ತಿಂಗಳಿಗೊಮ್ಮೆ ಬಂದು ಮಂಚದ ಅಂಚಿಗೆ ಕೂತು "ಅಮ್ಮಾ, ಆಮೇಲೆ?" ಎನ್ನುತ್ತಿದ್ದಳು. ಅಮ್ಮ ಅರಳಿಬಿಡುತ್ತಿದ್ದಳು. ನಾನು ಆಚೆ ಪಾತ್ರೆ ತಿಕ್ಕುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನಾನೇನಾದರೂ ಕೇಳಿದರೆ ಅಮ್ಮ "ನಿಂಗೆ ಗೊತ್ತಿಲ್ದೇ ಇರೋದೇನಿದೆ, ಒಲೆ ಆರಿಸು" ಎನ್ನುತ್ತಿದ್ದಳು.

ಪುಸ್ತಕದಲ್ಲಿ ನನ್ನ ಬಗ್ಗೆ ಒಂದೇ ಕಡೆ ಇದೆ. "ಅಕ್ಕ ಬೇಗನೇ ಕೆಲಸಕ್ಕೆ ಸೇರಿದಳು. ಓದಿನಲ್ಲಿ ಅವಳಿಗೆ ಆಸಕ್ತಿ ಇರಲಿಲ್ಲ."

ಅದನ್ನು ನಾನು ಸಂಜೆ ತರಗತಿಯ ಬೆಂಚಿನ ಮೇಲೆ ಕೂತು ಓದಿದೆ.

ಲೈಬ್ರರಿಯಲ್ಲಿ ಆ ಪುಸ್ತಕದ ಒಂದೇ ಪ್ರತಿ ಇತ್ತು. ಕೊಂಡುಕೊಳ್ಳುವ ಶಕ್ತಿ ನಮ್ಮ ತರಗತಿಯಲ್ಲಿ ಯಾರಿಗೂ ಇರಲಿಲ್ಲ. ಮೇಡಂ ಹೇಳಿದರು: "ಪರೀಕ್ಷೆಗೆ ಇರೋ ಅಧ್ಯಾಯಗಳನ್ನ ಜೆರಾಕ್ಸ್ ಮಾಡಿಸ್ಕೊಳ್ಳಿ. ಪಾಠಕ್ಕೆ ಅಂತ ಮಾಡಿಸ್ಕೊಂಡ್ರೆ ಈಗಿರೋ ಕಾನೂನು ಬೇಡ ಅನ್ನಲ್ಲ. ಹೊಸ ಮಸೂದೆ ಪಾಸಾದ್ರೆ ಕಷ್ಟ. ಆಗ ಪಾಠಕ್ಕೂ ಪರವಾನಗಿ ಬೇಕು, ಇಲ್ದಿದ್ರೆ ಪ್ರತಿ ತೆಗೆದೋರಿಗೆ ಜೈಲು."

"ಮಾಡ್ಸಿದೋರಿಗಲ್ವಾ ಮೇಡಂ?" ಎಂದ ಲಿಫ್ಟಣ್ಣ.

"ತೆಗೆದೋರಿಗೆ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಲಿಫ್ಟಣ್ಣ ನನ್ನ ಬೆಂಚಿನ ಕಡೆ ಬಗ್ಗಿ, "ಅಕ್ಕಾ, ಪಾಸಾಗೋಕೆ ಮುಂಚೆ ಎಮ್ಮೆ ಕರ್ದುಬಿಡಿ" ಎಂದ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಪುಸ್ತಕವನ್ನು ಒಂದೇ ಸಲ ಗಾಜಿನ ಮೇಲೆ ಇಡುತ್ತೇವೆ. ಪದೇಪದೇ ಅಮುಕಿದರೆ ಬೆನ್ನು ಮುರಿಯುತ್ತದೆ. ಮೊದಲು ತೆಗೆದ ಚೊಕ್ಕಟ ಪ್ರತಿಗೆ ಮಾಸ್ಟರ್ ಅನ್ನುತ್ತೇವೆ. ಅದನ್ನು ಎತ್ತಿಟ್ಟುಕೊಂಡು ಮುಂದಿನದೆಲ್ಲ ಅದರಿಂದಲೇ ತೆಗೆಯುತ್ತೇವೆ. ಹಾಗಾಗಿ ಮಾಸ್ಟರಿನಲ್ಲಿ ಒಂದು ಕೂದಲು ಬಿದ್ದರೂ ಎಲ್ಲ ಪ್ರತಿಗಳಲ್ಲೂ ಆ ಕೂದಲು ಬರುತ್ತದೆ. ಪುಸ್ತಕ ಹಿಡಿದ ಬೆರಳು ಅಂಚಿನಲ್ಲಿ ಕಪ್ಪು ನೆರಳಾಗಿ ಬೀಳದಂತೆ ನೋಡಿಕೊಳ್ಳುವುದೇ ಈ ಕೆಲಸದ ಮರ್ಯಾದೆ. ಬೆರಳು ಬಂದರೆ ಪುಟ ಹರಿದು ಮತ್ತೆ ತೆಗೆಯಬೇಕು.

ನಾನು ತಂಗಿಯ ಪುಸ್ತಕದ ಮಾಸ್ಟರ್ ತೆಗೆಯಲು ನಿಂತೆ. ಪುಟ ತಿರುವುವಾಗ ಓದಬಾರದು. ಓದಿದರೆ ಕೈ ನಿಧಾನವಾಗುತ್ತದೆ. ಆದರೂ ಆ ಅಧ್ಯಾಯ ಬಂದಾಗ ಓದಿದೆ.

ಅದರಲ್ಲಿ ಹೀಗಿದೆ. ಒಂದು ದಿನ ಅಮ್ಮನಿಗೆ ಜ್ವರ. ಶಾಲೆಯ ಕಕ್ಕಸು ತೊಳೆಯಲು ಯಾರೂ ಬಂದಿಲ್ಲ. ಮೇಷ್ಟರು ತರಗತಿಗೆ ಬಂದು ಹುಡುಗಿಯೊಬ್ಬಳನ್ನು ಎಬ್ಬಿಸುತ್ತಾರೆ. "ನಿನ್ನಮ್ಮ ಬಂದಿಲ್ಲ, ನೀನು ಹೋಗಿ ಮಾಡು. ನಿಮ್ಮನೇಲಿ ಎಲ್ರಿಗೂ ಬರೋ ಕೆಲಸ ತಾನೆ." ಪೊರಕೆ ಸಿಗುವುದಿಲ್ಲ. ಹುಡುಗಿ ಕೈಯಿಂದಲೇ ಬಾಚುತ್ತಾಳೆ. ವಾಪಸು ಬಂದರೆ ನಾರುತ್ತಾಳೆ ಎಂದು ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ಒಳಗೆ ಪಾಠ ನಡೆಯುತ್ತದೆ. ಹುಡುಗಿ ಹೊರಗಿನಿಂದಲೇ ಉತ್ತರ ಹೇಳುತ್ತಾಳೆ. ಉತ್ತರ ಸರಿಯಾಗಿರುತ್ತದೆ. ಎಲ್ಲರೂ ನಗುತ್ತಾರೆ.

ಇದು ಸುಳ್ಳಲ್ಲ. ನಡೆದದ್ದು ಹೀಗೆಯೇ. ಉತ್ತರ ಏನು ಎಂಬುದು ಕೂಡ ಸರಿಯಾಗಿದೆ. ಆದರೆ ಪುಸ್ತಕದಲ್ಲಿ ಆ ಹುಡುಗಿ "ನಾನು". ಆ "ನಾನು" ನನ್ನ ತಂಗಿ.

ನಡೆದದ್ದು ನನಗೆ. ತಂಗಿ ಇನ್ನೂ ಚಿಕ್ಕ ತರಗತಿಯಲ್ಲಿದ್ದಳು.

ಅಧ್ಯಾಯದ ಕೊನೆಯ ಸಾಲು: "ಮರುದಿನ ನಾನು ಮತ್ತೆ ಶಾಲೆಗೆ ಹೋದೆ." ಅದರ ಕೆಳಗೆ ಯಾರೋ ಓದುಗರು ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ಭೇಷ್ ಎಂದು ಬರೆದಿದ್ದರು.

ಮರುದಿನ ನಾನು ಹೋಗಲಿಲ್ಲ. ಮುಂದೆ ಯಾವತ್ತೂ ಹೋಗಲಿಲ್ಲ. ನನ್ನ ಬದುಕು ಅಂತ ಏನಿದೆಯೋ ಅದು ಶುರುವಾದದ್ದು ಆ ಹೋಗದ ದಿನದಿಂದ. ಅವಳು ನನ್ನ ಹೇಸಿಗೆಯನ್ನು ತೆಗೆದುಕೊಂಡಿದ್ದರೆ ಒಯ್ಯಲಿ ಎನ್ನುತ್ತಿದ್ದೆ. ತೆಗೆದುಕೊಂಡು, ತೊಳೆದು, ಭೇಷ್ ಎನ್ನಿಸಿಕೊಳ್ಳುವಂತೆ ಮಾಡಿಕೊಂಡಿದ್ದಳು. ಹಾಗಾದರೆ ನಾನು ಯಾರು? ಹೋಗದೆ ಉಳಿದವಳು. ಆಸಕ್ತಿ ಇಲ್ಲದವಳು.

ನನ್ನ ಕೈ ಪುಸ್ತಕದ ಬೆನ್ನನ್ನು ಯಾವ ಬಿಗಿಯಲ್ಲಿ ಅಮುಕಿತೋ ಗೊತ್ತಿಲ್ಲ. ಬೆಳಕು ಹರಿದುಹೋಯಿತು. ಆಚೆ ಬಂದ ಹಾಳೆಯ ಅಂಚಿನಲ್ಲಿ ನನ್ನ ಹೆಬ್ಬೆರಳು ಪೂರ್ತಿ ಬಿದ್ದಿತ್ತು. ಸೀಳಿದ ಉಗುರು ಸಮೇತ. ಹರಿದು ಮತ್ತೆ ತೆಗೆಯಬೇಕಿತ್ತು. ತೆಗೆಯಲಿಲ್ಲ. ಆ ಪುಸ್ತಕದಲ್ಲಿ ನಾನು ಇರುವುದು ಅಲ್ಲೊಂದೇ ಕಡೆ ಅನ್ನಿಸಿತು. ಹಾಗೇ ಮಾಸ್ಟರಿಗೆ ಸೇರಿಸಿದೆ. ಇಡೀ ತರಗತಿಗೆ ನನ್ನ ಹೆಬ್ಬೆರಳು ಹೋಯಿತು. ಆಯಾ ಅದನ್ನು ನೋಡಿ, "ಇದ್ಯಾರ ಬೆರಳೇ, ಲೇಖಕಿದಾ?" ಎಂದು ನಕ್ಕಳು. ನಾನೂ ನಕ್ಕೆ.

ಮನೆಗೆ ಬಂದು ಅಮ್ಮನ ಕೈಗೆ ಎಣ್ಣೆ ಹಚ್ಚುತ್ತಾ ಕೇಳಿದೆ.

"ಅಮ್ಮಾ, ಅವತ್ತು ಸ್ಕೂಲಲ್ಲಿ ಕಕ್ಕಸು ತೊಳೆದದ್ದು ಯಾರು?"

"ಚಿಕ್ಕೋಳು."

"ನಾನಲ್ವಾ?"

"ಪುಸ್ತಕದಲ್ಲಿ ಚಿಕ್ಕೋಳು ಅಂತ ಇದೆಯಲ್ಲ."

"ಪುಸ್ತಕ ಬಿಡು. ನಿಂಗೆ ಜ್ಞಾಪಕ ಇರೋದು ಹೇಳು."

ಅಮ್ಮ ಕೈ ಎಳೆದುಕೊಂಡಳು. "ಓದೋಕೆ ಬರದೋಳಿಗೆ ಪುಸ್ತಕ ಬಿಡು ಅಂತೀಯಲ್ಲ. ಅವಳು ಅಷ್ಟು ಸಲ ಓದಿ ಹೇಳಿದಾಳೆ. ನಿಂಗೆ ಅವಳನ್ನ ಕಂಡ್ರೆ ಆಗಲ್ಲ. ಮೊದಲಿಂದ್ಲೂ ಅಷ್ಟೆ."

ಮೊದಲಿಂದಲೂ ಅಷ್ಟೆ ಎನ್ನುವುದು ನಿಜವೇ ಇರಬಹುದು. ಆ ರಾತ್ರಿ ನನ್ನ ನೆನಪನ್ನೇ ನಾನು ಅನುಮಾನಿಸಿದೆ. ಹೊಟ್ಟೆಕಿಚ್ಚಿನವರು ಬೇರೆಯವರ ಆಸ್ತಿಯನ್ನು ತಮ್ಮದೆಂದು ಕನಸು ಕಾಣುತ್ತಾರಂತೆ. ಆದರೆ ನನ್ನ ಮೂಗಿಗೆ ಆ ವಾಸನೆ ಗೊತ್ತಿತ್ತು.

ಹೆಬ್ಬೆರಳೇ ನಮ್ಮನ್ನು ಹಿಡಿದುಕೊಟ್ಟಿತು.

ಪ್ರಕಾಶಕರ ಒಕ್ಕೂಟದವರು ಹೊಸ ಮಸೂದೆಗೆ ಸಾಕ್ಷಿ ಹುಡುಕುತ್ತಾ ಕಾಲೇಜಿನ ಸುತ್ತ ಓಡಾಡುತ್ತಿದ್ದರು. ನಮ್ಮ ತರಗತಿಯ ಒಂದು ಪ್ರತಿ ಅವರ ಕೈಗೆ ಸಿಕ್ಕಿತ್ತು. ಅವರ ವಕೀಲರು ಅಂಗಡಿ ಅಂಗಡಿ ಸುತ್ತಿ ನಮ್ಮಲ್ಲಿಗೆ ಬಂದು ಆ ಹಾಳೆಯನ್ನು ಕೌಂಟರ್ ಮೇಲಿಟ್ಟರು. ಆಮೇಲೆ ನನ್ನ ಕೈಯ ಸೀಳಿದ ಉಗುರು ನೋಡಿದರು. ಬಾಯಿ ಬಿಟ್ಟು ಕೇಳಲಿಲ್ಲ. ಯಜಮಾನರು ಕುರ್ಚಿಯಿಂದ ಎದ್ದು ಅವರಿಗೆ ಕುರ್ಚಿ ಕೊಟ್ಟರು.

"ಇದು ಈಗಿನ ಕಾನೂನಿನಲ್ಲಿ ಅಪರಾಧ ಅಲ್ಲ, ಸಾರ್" ಎಂದೆ. ದನಿ ಕೀರಲಾಯಿತು. "ಪಾಠದ ಅಧ್ಯಾಯಗಳು."

"ಈಗಿನದು" ಎಂದರು ವಕೀಲರು. ನನಗಲ್ಲ, ಯಜಮಾನರಿಗೆ. "ಮುಂದೆ ಅಧಿಕೃತ ಪ್ರತಿ ಕೇಂದ್ರಗಳು ಅಂತ ಬರ್ತವೆ. ಪರವಾನಗಿ ಇರೋರು ಮಾತ್ರ ಮೆಷಿನ್ ಇಡ್ಬಹುದು. ಈ ರಸ್ತೆಗೆ ಒಂದು ಕೊಡ್ತಾರೆ. ಸಹಕರಿಸಿದೋರ ಹೆಸರು ಮೊದಲು ಹೋಗುತ್ತೆ."

ಸಹಕಾರ ಎಂದರೆ ಇಷ್ಟು. ಮಸೂದೆಯ ಬಗ್ಗೆ ಜನರ ಅಹವಾಲು ಕೇಳಲು ಸಮಿತಿಯೊಂದು ಕೂರಲಿತ್ತು. ಅಲ್ಲಿ ಅಂಗಡಿಯ ಪರವಾಗಿ ಕಾಪಿ ತೆಗೆದವಳೇ ಎದ್ದು ನಿಂತು, ಲೇಖಕಿಯ ಆಸ್ತಿ ಕದ್ದೆ, ತಪ್ಪಾಯಿತು, ಇಂಥ ಕಳ್ಳತನ ನಿಲ್ಲಿಸುವ ಕಾನೂನು ಬರಲಿ ಎನ್ನಬೇಕು. ಒಂದು ಕಾಗದಕ್ಕೆ ಸಹಿ ಹಾಕಬೇಕು. ಲೇಖಕಿಯೂ ಅಲ್ಲಿ ಮಾತಾಡುತ್ತಾರೆ.

"ಯಾವ ಲೇಖಕಿ?" ಎಂದೆ.

ವಕೀಲರು ಹಾಳೆಯನ್ನು ನನ್ನ ಕಡೆ ತಳ್ಳಿದರು. "ನೀವೇ ತೆಗೆದ್ರಲ್ಲಮ್ಮ. ಹೆಸರು ನೋಡ್ಲಿಲ್ವಾ?"

ಅವರು ಹೋದ ಮೇಲೆ ಯಜಮಾನರು ಮತ್ತೆ ಕುರ್ಚಿಯಲ್ಲಿ ಕೂತು ನಿಟ್ಟುಸಿರುಬಿಟ್ಟರು. "ನೋಡಮ್ಮ, ಒಂದು ಮಾತು ಹೇಳಿದ್ರೆ ನಿನ್ನ ಬಾಯೇನು ಸವೆಯಲ್ಲ. ಅಂಗಡಿ ಉಳಿದ್ರೆ ನೀನೂ ಉಳೀತೀಯ. ಹೇಳ್ಲಿಲ್ಲ ಅಂದ್ರೆ ಮಾರನೇ ದಿನದಿಂದ ಬರ್ಬೇಡ."

ಅಹವಾಲು ಸಭೆಯ ಹಿಂದಿನ ದಿನ ತಂಗಿ ಮನೆಗೆ ಬಂದಳು. ಅಮ್ಮ ನಿದ್ದೆ ಮಾಡುತ್ತಿದ್ದಳು. ತಂಗಿ ಒಳ್ಳೆಯ ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟಳು. ನಾನು ಆ ಚಪ್ಪಲಿಯನ್ನೂ ನೋಡಿದೆ. ಅಂಥದರ ಮೇಲೂ ನನ್ನ ಕಣ್ಣು ಬೀಳುತ್ತದೆ.

"ಅಕ್ಕ, ನೀನೇ ಅಂತ ನಂಗೆ ಗೊತ್ತಿರ್ಲಿಲ್ಲ" ಎಂದಳು. "ಒಕ್ಕೂಟದೋರು ಜೆರಾಕ್ಸ್ ಅಂಗಡಿ ಅಂದ್ರು ಅಷ್ಟೆ."

"ಗೊತ್ತಿದ್ದಿದ್ರೆ?"

"ಒಂದು ಮಾತು ಹೇಳಿ ಸಹಿ ಹಾಕಿಬಿಡು. ಮುಗೀತು. ನಿನ್ನ ಮೇಲೆ ಏನೂ ಬರದ ಹಾಗೆ ನಾನು ನೋಡ್ಕೊಳ್ತೀನಿ."

"ನೀನೇ ಹೇಳ್ಬಹುದಲ್ಲ, ನನ್ನ ಅಕ್ಕ ನನ್ನ ಪುಸ್ತಕ ಕಾಪಿ ಮಾಡಿದ್ರೆ ನಂಗೇನೂ ಅಭ್ಯಂತರ ಇಲ್ಲ ಅಂತ."

ಅವಳು ನೆಲ ನೋಡಿದಳು. "ಬಿಟ್ಟುಕೊಡೋಣ ಅಂದ್ರೂ ಆಗಲ್ಲ. ಹಕ್ಕು ನನ್ನ ಹತ್ರ ಇಲ್ಲ. ಪ್ರಕಾಶಕರಿಗೆ ಬರೆದುಕೊಟ್ಟಿದೀನಿ. ಮೊದಲ ಪುಸ್ತಕ, ಯಾರು ಅಚ್ಚು ಹಾಕ್ತಾರೆ ಅಂತ ಹೆದರಿ ಅವರು ಕೇಳಿದ ಕಡೆಯೆಲ್ಲ ಸಹಿ ಹಾಕ್ದೆ. ನಾನು ಸತ್ತ ಮೇಲೂ ಅವರದ್ದೇ. ಹೊಸ ಮಸೂದೆ ಬಂದ್ರೆ ಇನ್ನೂ ಎಷ್ಟೋ ವರ್ಷ ಅವರದ್ದೇ."

"ಮತ್ತೆ ಯಾಕೆ ಅವರ ಪರ ಮಾತಾಡ್ತೀಯ?"

"ಎರಡನೇ ಪುಸ್ತಕ ಅವರ ಹತ್ರಾನೇ ಇದೆ."

ನನ್ನ ಒಳಗೆ ಒಂದು ಕೊಳಕು ಸಂತೋಷ ಮಿಸುಕಾಡಿತು. ಅವಳ ಕೈಯೂ ಖಾಲಿ. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ, ಏಕೆಂದರೆ ಎರಡನೆಯ ಪುಸ್ತಕ ಎಂಬ ಮಾತು ಕಿವಿಗೆ ಬಿದ್ದಿತ್ತು. ಅದರಲ್ಲಿ ನನ್ನದು ಇನ್ನೇನು ಹೋಗಿದೆಯೋ.

"ಆ ಅಧ್ಯಾಯ" ಎಂದೆ. "ಅದು ನಂದು ಕಣೇ."

ಅವಳು ಅಲ್ಲ ಎನ್ನಲಿಲ್ಲ.

"ನಾನು ಕಿಟಕಿಯಿಂದ ನೋಡ್ತಿದ್ದೆ" ಎಂದಳು. "ನಿನ್ನ ಹೊರಗೆ ನಿಲ್ಲಿಸಿದ್ರಲ್ಲ, ನಮ್ಮ ಕ್ಲಾಸಿಗೆ ಕಾಣ್ತಿತ್ತು. ನನ್ನ ಪಕ್ಕದ ಹುಡುಗಿ, ಅದು ನಿಮ್ಮಕ್ಕ ಅಲ್ವಾ ಅಂದ್ಲು. ನಾನು ಅಲ್ಲ ಅಂದೆ. ಅವತ್ತಿಂದ ಎಷ್ಟು ವರ್ಷ ನಿದ್ದೆಯಲ್ಲಿ ಬೆಚ್ಚಿಬಿದ್ದಿದೀನಿ, ನಿಂಗೇನು ಗೊತ್ತು. ಅದು ನಂದೂ ಅಲ್ವಾ?"

"ನೋಡಿದ್ದು ನಿಂದು. ಹಾಗೇ ಬರೀಬೇಕಿತ್ತು. ನಾನು ನೋಡ್ದೆ, ಅಲ್ಲ ಅಂದೆ ಅಂತ."

"ಹಾಗೇ ಬರೆದಿದ್ದೆ. ಅಕ್ಕ ಅಂತಾನೇ ಇತ್ತು. ಪ್ರಕಾಶಕರು ಓದಿ, ಅಕ್ಕನಿಗಾದ್ರೆ ಓದುಗರಿಗೇನು, ನಿಮಗೇ ಆಗ್ಲಿ ಅಂದ್ರು."

"ಆಯ್ತು ಅಂದ್ಯಾ?"

"ನೀನು ಯಾವತ್ತೂ ಆ ವಿಷಯ ಎತ್ತಿರ್ಲಿಲ್ಲ. ಮರ್ತಿದೀಯ ಅಂದ್ಕೊಂಡೆ."

"ಮತ್ತೆ ಓದಿನಲ್ಲಿ ಆಸಕ್ತಿ ಇರಲಿಲ್ಲ ಅಂತ ಬರೆದ್ಯಲ್ಲ?"

ಅವಳು ಎದ್ದು ಬಾಗಿಲಿಗೆ ಹೋದಳು. ಚಪ್ಪಲಿ ಹಾಕಿಕೊಂಡು, "ನಾಳೆ ಅಮ್ಮನ್ನ ಕರ್ಕೊಂಡು ಬಾ. ಅವರು ಅಮ್ಮನ್ನ ಮುಂದೆ ಕೂರಿಸ್ಬೇಕು ಅಂದಿದಾರೆ" ಎಂದು ಹೊರಟಳು.

ಅಹವಾಲು ಸಭೆ ನಡೆದದ್ದು ದೊಡ್ಡ ಸರ್ಕಾರಿ ಕಟ್ಟಡದ ತಂಪು ಕೋಣೆಯಲ್ಲಿ. ಉದ್ದನೆಯ ಮೇಜಿನ ಆಚೆ ಸಮಿತಿ. ಅಧ್ಯಕ್ಷರ ಮುಂದೆ ನೀರಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ಈಚೆ ಪ್ರಕಾಶಕರು, ವಕೀಲರು, ಮೆತ್ತನೆಯ ಕುರ್ಚಿಗಳು. ನಮ್ಮಂಥವರಿಗೆ ಗೋಡೆಯ ಪಕ್ಕ ಬೆಂಚು. ನನ್ನ ತರಗತಿಯವರು ಯಾರೂ ಬರಲಿಲ್ಲ. ಎಲ್ಲರೂ ಕೆಲಸದಲ್ಲಿದ್ದರು. ಅವರು ಓದುವ ಪುಸ್ತಕದ ವಿಚಾರ ಅವರು ದುಡಿಯುವ ಹೊತ್ತಿನಲ್ಲಿ ನಡೆಯುತ್ತಿತ್ತು. ಅಮ್ಮನನ್ನು ಮಾತ್ರ ಕೈಹಿಡಿದು ಮುಂದಿನ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು. ಅಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಒರಗಲಿಲ್ಲ.

ತಂಗಿ ಮೊದಲು ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು. ತಳದಿಂದ ಬಂದ ಬರಹಗಾರರಿಗೆ ಇರುವ ಆಸ್ತಿ ಒಂದೇ, ಅದು ಅವರ ನೋವು, ಅದನ್ನೂ ಕದ್ದರೆ ಏನುಳಿಯಿತು ಎಂದಳು. ಆಮೇಲೆ ಪುಸ್ತಕ ತೆರೆದು ಓದಿದಳು. ಅದೇ ಅಧ್ಯಾಯ. ಒಕ್ಕೂಟದವರು ಅದನ್ನೇ ಓದಲು ಹೇಳಿರಬೇಕು. ಅವಳ ದನಿ ಒಂದೆರಡು ಕಡೆ ತಡವರಿಸಿತು. ಕೇಳುವವರಿಗೆ ಅದು ದುಃಖದಂತೆ ಕೇಳಿಸಿತು. ಸಮಿತಿಯ ಹೆಂಗಸೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆ ಕಣ್ಣೀರು ನನ್ನದು ಎಂದು ನನಗನ್ನಿಸಿತು. ನನಗೆ ಸಲ್ಲಬೇಕಾದದ್ದು. ಆ ದಿನ ಯಾರೂ ಸುರಿಸದ ಆ ನೀರು ಇಷ್ಟು ವರ್ಷಗಳಾದ ಮೇಲೆ ತಪ್ಪು ವಿಳಾಸಕ್ಕೆ ಬಂದಿತ್ತು.  ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಕೂತೆ.

ನನ್ನನ್ನು ಕರೆದರು.

"ಹೇಳಮ್ಮ, ಹೆದರ್ಬೇಡ" ಎಂದರು ಅಧ್ಯಕ್ಷರು. "ಈ ಪುಸ್ತಕದ ಪ್ರತಿ ತೆಗೆದದ್ದು ನೀನೇನಾ?"

"ನಾನೇ."

"ಇದು ಇನ್ನೊಬ್ಬರ ಆಸ್ತಿ ಅಂತ ಗೊತ್ತಿತ್ತಾ?"

ವಕೀಲರು ಕಾಗದವನ್ನು ಮೇಜಿನ ಮೇಲೆ ಬಿಡಿಸಿ ಪೆನ್ನು ಪಕ್ಕದಲ್ಲಿಟ್ಟರು. ಯಜಮಾನರು ಹಿಂದಿನಿಂದ ತಲೆಯಾಡಿಸುತ್ತಿದ್ದರು. ನಾನು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಎರಡು ಬಗೆಯಲ್ಲಿ. ಅವರಿಗೆ ಬೇಕಾದ ಹಾಗೊಂದು, ನನಗೆ ಬೇಕಾದ ಹಾಗೊಂದು. ಬಾಯಿ ತೆರೆದಾಗ ಎರಡನೆಯದು ಬಂತು.

"ಈಗ ಓದಿದ್ರಲ್ಲ, ಅದು ಅವಳಿಗೆ ಆಗಿದ್ದಲ್ಲ. ನನಗೆ ಆಗಿದ್ದು. ಅವಳು ನನ್ನ ತಂಗಿ."

ಕೋಣೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು.

"ಅವಳು ನನ್ನಿಂದ ತಗೊಂಡ್ಲು, ಅದಕ್ಕೆ ಬರವಣಿಗೆ ಅಂತೀರಿ. ನಾನು ಅವಳ ಪುಸ್ತಕದಿಂದ ತಗೊಂಡೆ, ಅದಕ್ಕೆ ಕಳ್ಳತನ ಅಂತೀರಿ. ಕೈಯಿಂದ ಬಾಚಿದೋಳಿಗೆ ಹಕ್ಕು ಇಲ್ಲ. ಬರೆದೋಳಿಗೆ ಇತ್ತು, ಅವಳೂ ಕಳ್ಕೊಂಡ್ಲು. ಅಚ್ಚು ಹಾಕಿದೋರಿಗೆ ಸತ್ತ ಮೇಲೂ ಇದೆ. ನಿಮ್ಮ ಮಸೂದೇಲಿ ನಾನು ಎಲ್ಲಿ ಬರ್ತೀನಿ ಅಂತ ಹುಡುಕ್ದೆ. ಜೈಲಿಗೆ ಹೋಗೋ ಕಡೆ ಮಾತ್ರ ಇದೀನಿ."

  ಅಧ್ಯಕ್ಷರು ತಂಗಿಯ ಕಡೆ ತಿರುಗಿದರು. "ಇವರು ಹೇಳೋದು ನಿಜಾನಾ?"

ತಂಗಿ ಪುಸ್ತಕ ಮುಚ್ಚಿದಳು. ತೆರೆದಳು. ಪ್ರಕಾಶಕರು ಅವಳನ್ನೇ ನೋಡುತ್ತಿದ್ದರು. ಅವಳು ಮತ್ತೆ ಮುಚ್ಚಿದಳು.

"ತಾಯಿ ಇಲ್ಲೇ ಇದಾರಲ್ಲ" ಎಂದರು ವಕೀಲರು. ಬಗ್ಗಿ, ಮಗುವನ್ನು ಮಾತಾಡಿಸುವ ದನಿಯಲ್ಲಿ ಅಮ್ಮನನ್ನು ಕೇಳಿದರು. "ಅಮ್ಮಾ, ಅವತ್ತು ಆ ಕೆಲಸ ಮಾಡಿದ್ದು ಯಾವ ಮಗಳು?"

ಅಮ್ಮ ನನ್ನನ್ನು ನೋಡಿದಳು. ತಂಗಿಯನ್ನು ನೋಡಿದಳು. ತೋಳಿನಿಂದ ಮೂಗು ಒರೆಸಿಕೊಂಡಳು.

"ಚಿಕ್ಕೋಳು" ಎಂದಳು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಣ್ಣ ನಗು. ಬಾಗಿಲ ಹೊರಗೆ ನಿಂತು ಸರಿಯುತ್ತರ ಹೇಳಿದಾಗ ಕೇಳಿದಂಥದೇ ನಗು. ವಕೀಲರು ಕಾಗದವನ್ನು ಇನ್ನಷ್ಟು ಹತ್ತಿರ ಸರಿಸಿದರು. "ಹೊಟ್ಟೆಕಿಚ್ಚು ಮನುಷ್ಯರಿಗೆ ಸಹಜ. ಸಹಿ ಹಾಕಮ್ಮ, ಮರೆತುಬಿಡೋಣ."

ಅಲ್ಲಿಗೆ ನಾನು ಕೂಡಿಸಿಟ್ಟುಕೊಂಡಿದ್ದೆಲ್ಲ ಮುಗಿದಿತ್ತು. ಆ ಅಧ್ಯಾಯ ನನ್ನದು ಎನ್ನುವುದಕ್ಕೆ ತಂಗಿ ಬಾಯಿ ಬಿಡದ ಮೇಲೆ ಈ ಭೂಮಿಯ ಮೇಲೆ ಉಳಿದಿದ್ದ ಸಾಕ್ಷಿ ಅಮ್ಮ ಒಬ್ಬಳೇ. ಅವಳು ಅಲ್ಲ ಎಂದಿದ್ದಳು. ಪೆನ್ನು ಕೈಗೆತ್ತಿಕೊಂಡೆ. ಯಜಮಾನರು ಉಸಿರು ಬಿಟ್ಟದ್ದು ಕೇಳಿಸಿತು. ಕಾಗದದಲ್ಲಿ "ಲೇಖಕಿಯ ಆಸ್ತಿಯನ್ನು ಕದ್ದಿರುತ್ತೇನೆ" ಎಂದಿತ್ತು. ಅದನ್ನು ಓದುವಾಗ ನನಗೆ ತಂಗಿ ನೆನಪಾಗಲಿಲ್ಲ. ಆಯಾ ನೆನಪಾದಳು. ಹೆರಿಗೆ ವಾರ್ಡಿನಲ್ಲಿ ಬಟ್ಟೆ ಬದಲಾಯಿಸುವ ನಡುವೆ ಆ ಹಾಳೆಗಳನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಓದುವವಳು. ಲಿಫ್ಟಿನ ಸ್ಟೂಲಿನ ಮೇಲೆ ಮಹಡಿ ಮಹಡಿಗೆ ಒಂದು ಸಾಲು ಓದುವವನು. ಅವರಿಗೆ ಆ ಹುಡುಗಿ ಅಕ್ಕನೋ ತಂಗಿಯೋ ಎಂಬುದು ಬೇಕಿರಲಿಲ್ಲ. ಅವರಿಗೆ ಹಾಳೆ ಬೇಕಿತ್ತು.

ಪೆನ್ನು ಕೆಳಗಿಟ್ಟೆ.

"ಅವಳದ್ದೇ ಆಗ್ಲಿ, ಸಾರ್" ಎಂದೆ. "ಹೊಟ್ಟೆಕಿಚ್ಚು ಅಂದ್ರಿ. ಹೌದು, ಇದೆ. ಆದ್ರೆ ಸಹಿ ಹಾಕಲ್ಲ. ಓದೋಕೆ ಕೇಳಿದೋರಿಗೆ ಓದೋಕೆ ಕೊಟ್ಟಿದೀನಿ. ನಾಳೇನೂ ಕೊಡ್ತೀನಿ. ನಿಮ್ಮ ಮಸೂದೆ ಪಾಸಾದ್ರೂ ಕೊಡ್ತೀನಿ."

"ಪರಿಣಾಮ ಗೊತ್ತೇನಮ್ಮ?" ಎಂದರು ಅಧ್ಯಕ್ಷರು.

"ಗೊತ್ತು. ನಿಮ್ಮ ಕಡೆಯೋರೇ ಹೇಳಿದಾರೆ."

ತಂಗಿ ಎದ್ದು ನಿಂತಳು. ಏನೋ ಹೇಳುತ್ತಾಳೆ ಎಂದುಕೊಂಡೆ. ಪ್ರಕಾಶಕರು ಅವಳ ಮೊಣಕೈ ಮುಟ್ಟಿದರು. ಅವಳು ಕೂತಳು. ಅಧ್ಯಕ್ಷರು ಮುಂದಿನವರನ್ನು ಕರೆದರು. ಕಟ್ಟಡದ ಮೆಟ್ಟಿಲಿನಲ್ಲೇ ಯಜಮಾನರು ನನ್ನನ್ನು ತಡೆದು, "ನಾಳೆಯಿಂದ ಅಂಗಡಿ ಹತ್ರ ಕಾಣಿಸ್ಕೋಬೇಡ" ಎಂದರು. ಕೂಗಾಡಲಿಲ್ಲ. ಅವರ ಮುಖದಲ್ಲೂ ಭಯವೇ ಇತ್ತು. ಅದನ್ನು ನೋಡಿ, ನಾನು ಮಾಡಿದ್ದು ತಪ್ಪೇನೋ ಎಂದು ಮತ್ತೆ ಅನ್ನಿಸತೊಡಗಿತು.

ತಂಗಿಯ ಸುತ್ತ ಫೋಟೋದವರು ಮುತ್ತಿದ್ದರು. ಅಮ್ಮನನ್ನು ಅವಳು ಕಾರಿನಲ್ಲಿ ಕಳಿಸುತ್ತೇನೆ ಎಂದಳು. ಅಮ್ಮ ಬೇಡವೆಂದಳು. ನನ್ನ ಹಿಂದೆಯೇ ಬಸ್ ನಿಲ್ದಾಣದವರೆಗೆ ಬಂದಳು. ನಾನು ಅವಳ ಕೈ ಹಿಡಿಯಲಿಲ್ಲ. ಮುಂದೆ ಮುಂದೆ ನಡೆದೆ. ನಿಲ್ದಾಣದ ಕಲ್ಲಿನ ಮೇಲೆ ಅವಳು ಕೂತಳು. ನಾನು ನಿಂತೆ.

"ಎಲ್ರ ಮುಂದೆ ತಂಗಿ ಮಾನ ತೆಗೆದೆ" ಎಂದಳು ಅಮ್ಮ.

"ಅಮ್ಮಾ, ಆ ಕಕ್ಕಸು ತೊಳೆದ ಮಾರನೇ ದಿನ ನಾನೆಲ್ಲಿಗೆ ಹೋದೆ?"

 ಬಸ್ಸೊಂದು ಬಂದು ಹೋಯಿತು. ಅದು ನಮ್ಮದಲ್ಲ.

"ಹೇಳಮ್ಮ. ಎಲ್ಲಿಗೆ ಹೋದೆ?"

"ನನ್ನ ಜೊತೆ" ಎಂದಳು. "ಕೆಲಸಕ್ಕೆ."

"ಹಾಗಾದ್ರೆ ನಿಂಗೆ ಗೊತ್ತಿತ್ತು."

"ಹೆತ್ತೋಳಿಗೆ ಗೊತ್ತಿರಲ್ವಾ." ಅಮ್ಮ ತನ್ನ ನಡುಗುವ ಕೈಗಳನ್ನು ಒಂದರೊಳಗೊಂದು ಸೇರಿಸಿ ಹಿಡಿದುಕೊಂಡಳು. "ಬೆಳಿಗ್ಗೆ ನೀನು ಚೀಲ ಹಾಕ್ಕೊಂಡು ಹೊರಟಿದ್ದೆ. ಅಷ್ಟಾದ್ರೂ ಹೊರಟಿದ್ದೆ. ಬಾಗಿಲಲ್ಲಿ ಚೀಲ ಕಿತ್ಕೊಂಡಿದ್ದು ನಾನು. ಹೇಗೂ ಅದೇ ಕೆಲಸ ಮಾಡಿಸ್ತಾರೆ, ಮಾಡೋದಾದ್ರೆ ಕೂಲಿಗಾದ್ರೂ ಮಾಡು ಅಂತ ಎಳ್ಕೊಂಡು ಹೋದೆ. ನೀನು ಸರಿಯಾಗಿ ಹೇಳಿದ್ರೆ ಆ ಕಥೇಲಿ ನಾನು ಬರ್ತೀನಿ. ಅವಳು ಹೇಳೋ ಕಥೇಲಿ ನಾನು ಜ್ವರ ಬಂದು ಮಲಗಿರ್ತೀನಿ. ಮಗಳು ಸ್ಕೂಲಿಗೆ ಹೋಗ್ತಾಳೆ. ನಂಗೆ ಅದನ್ನೇ ಕೇಳ್ಬೇಕು ಅನ್ಸುತ್ತೆ."

 ಚೀಲ ಹಾಕಿಕೊಂಡು ಹೊರಟಿದ್ದು ನನಗೆ ನೆನಪೇ ಇರಲಿಲ್ಲ. ಹೆದರಿ ನಾನೇ ಶಾಲೆ ಬಿಟ್ಟೆ ಎಂದು ಇಷ್ಟು ಕಾಲ ನಂಬಿದ್ದೆ. ಅಮ್ಮನ ಮೇಲೆ ಕೂಗಬೇಕೆನಿಸಿತು. ಅವಳ ಪಕ್ಕ ಕೂರಬೇಕೆನಿಸಿತು. ಅವಳಿಗೆ ಬೇಕಾದ ಆ ಕಥೆಯನ್ನು ಕೊಟ್ಟವಳು ತಂಗಿಯಲ್ಲ, ನಾನಾಗಬೇಕಿತ್ತು ಎಂದೂ ಅನ್ನಿಸಿತು. ಆ ಹೊಟ್ಟೆಕಿಚ್ಚು ಆಗಲೂ ಹೋಗಿರಲಿಲ್ಲ. ಈಗಲೂ ಹೋಗಿಲ್ಲ.

ನಮ್ಮ ಬಸ್ಸು ದೂರದಲ್ಲಿ ಕಾಣಿಸಿತು. ಅಮ್ಮ ಕಲ್ಲು ಹಿಡಿದುಕೊಂಡು ಎದ್ದಳು.

"ನಾಳೆ ಎಲ್ಲಿಗೆ ಹೋಗ್ತೀಯ?" ಎಂದಳು.

"ಅಂಗಡಿಗೆ."

"ಬರ್ಬೇಡ ಅಂದ್ರಲ್ಲ."

"ಅಂದ್ರು."

"ಒಳಗೆ ಬಿಡಲ್ಲ ಕಣೇ. ಹೊರಗೆ ನಿಲ್ಲಿಸ್ತಾರೆ."

"ನಿಂತ್ಕೊಳ್ತೀನಿ" ಎಂದೆ.